ಇಪ್ಪತ್ತೇಳನೇ ಕೊಕ್ಕೆ

“ಮಿಸ್, ಒಬ್ಬರು ಇನ್ನೂ ಕೆಳಗಿದಾರೆ,” ಅಂದಳು ಲೆಂಪಿ.

ಕೊರಿನ್ ಆಗ ನೆಲದ ಮೇಲೆ ಮಂಡಿಯೂರಿ ಕೂತು ಪುಟ್ಟ ನೀಬಿನ್‌ಳ ಕೈಗವಸಿನ ಜೊತೆ ಗುದ್ದಾಡುತ್ತಿದ್ದಳು. ಐದು ವರ್ಷದವರ ಹೆಬ್ಬೆರಳಿಗೂ ಕೈಗವಸಿನ ಹೆಬ್ಬೆರಳಿಗೂ ಯಾವತ್ತೂ ಹೊಂದಾಣಿಕೆ ಆಗುವುದಿಲ್ಲ. ಹೊರಗೆ ಹಿಮ ಅಡ್ಡಡ್ಡ ಹೊಡೆಯುತ್ತಿತ್ತು. ಬಸ್ಸಿನ ಹಾರನ್ನು ಒಂದೆರಡು ಸಲ ಕೂಗಿ ಸುಮ್ಮನಾಗಿತ್ತು.

“ಯಾರೂ ಇಲ್ಲ ಪುಟ್ಟಾ. ಎಲ್ಲರನ್ನೂ ನಾನೇ ನೋಡಿ ಕಳಿಸಿದೀನಿ. ನಡಿ, ನೀನೂ ಹತ್ತು.”

“ಇದಾರೆ ಮಿಸ್. ಮೇಲೆ ನೋಡಿ.”

ಕೊರಿನ್ ತಲೆಯೆತ್ತಿದಳು. ಸೂರಿನಿಂದ ಇಳಿಬಿದ್ದ ಸರಪಳಿಗಳೆಲ್ಲ ಬರಿದಾಗಿ, ಅವುಗಳ ಕೊಕ್ಕೆಗಳು ಮಕ್ಕಳ ಎದೆಮಟ್ಟದಲ್ಲಿ ಇನ್ನೂ ಸಣ್ಣಗೆ ತೂಗಾಡುತ್ತಿದ್ದವು. ಒಂದು ಮಾತ್ರ ಇಳಿದಿರಲಿಲ್ಲ. ಬಾಯ್ಲರಿನ ದಪ್ಪ ಕೊಳವೆಯ ಪಕ್ಕದಲ್ಲಿ, ಸೂರಿಗೆ ತಾಗಿದಂತೆ, ದೊಡ್ಡವರ ಕಂದು ಕೋಟೊಂದು ನೇತಾಡುತ್ತಿತ್ತು. ತೋಳುಗಳೆರಡೂ ನೆಟ್ಟಗೆ ಕೆಳಮುಖವಾಗಿದ್ದವು.

“ಅಯ್ಯೋ, ಅದಾ!” ಕೊರಿನ್ ನಕ್ಕುಬಿಟ್ಟಳು. “ಅದು ಯಾರದ್ದೂ ಅಲ್ಲ. ಬೆಳಿಗ್ಗೆ ನಾನೇ ಏರಿಸಿದ್ದು.”

ಲೆಂಪಿ ನಗಲಿಲ್ಲ. ಶಾಲೆಗೇ ದೊಡ್ಡ ಹುಡುಗಿ ಅವಳು, ಆರನೇ ಕ್ಲಾಸು. ನಗಬಾರದ ಕಡೆಯೂ ನಗುವ ಪೈಕಿ. ಅಂಥವಳು ನಗಲಿಲ್ಲ. ಅವಳ ಬೆನ್ನಹಿಂದೆ, ಬಸ್ಸು ಹತ್ತಿ ಕೂತಿದ್ದ ಮಕ್ಕಳು ಒಬ್ಬೊಬ್ಬರಾಗಿ ಇಳಿದು, ಬೂಟಿನ ಹಿಮ ಕೊಡವಿಕೊಂಡು ಒಳಗೆ ವಾಪಸು ಬರುತ್ತಿದ್ದರು.

ಈ ಶಾಲೆ ಮೊದಲು ಶಾಲೆಯಾಗಿರಲಿಲ್ಲ. ಕಬ್ಬಿಣದ ಗಣಿಯವರು ಪಾಳಿ ಮುಗಿಸಿ ಬಂದು ಮೈ ತೊಳೆದುಕೊಂಡು ಬಟ್ಟೆ ಬದಲಾಯಿಸುತ್ತಿದ್ದ ದೊಡ್ಡ ಇಟ್ಟಿಗೆ ಕಟ್ಟಡ. ಊರಲ್ಲಿ ಅದನ್ನು ಈಗಲೂ ಒಣಮನೆ ಅಂತಲೇ ಕರೆಯುತ್ತಾರೆ. ಗಣಿ ಮುಚ್ಚಿ, ಜನ ಕರಗಿ, ಸರ್ಕಾರ ಇದ್ದ ಶಾಲೆಯನ್ನೂ ದೂರದ ಪಟ್ಟಣಕ್ಕೆ ಎತ್ತಿಕೊಂಡು ಹೋದಾಗ, ಉಳಿದ ತಾಯಂದಿರು ಹಟ ಹಿಡಿದು ರಾಜಧಾನಿಗೆ ಓಡಾಡಿ ಸನ್ನದು ತಂದು ಇಲ್ಲಿ ತಮ್ಮದೇ ಶಾಲೆ ತೆರೆದರು. ಹಣ ಸರ್ಕಾರದ್ದು, ಉಸಾಬರಿ ಊರಿನದ್ದು. ಸನ್ನದಿಗೆ ಆಯಸ್ಸು ಉಂಟು. ಅದು ತೀರಿದಾಗಲೆಲ್ಲ ಹೋಗಿ, ನಾವು ಇನ್ನೂ ಶಾಲೆ ನಡೆಸಲು ಲಾಯಕ್ಕಾಗಿದ್ದೇವೆ ಅಂತ ಕೈಕಟ್ಟಿ ನಿಂತು ಹೇಳಿ ಬರಬೇಕು. ಮಕ್ಕಳೋ, ಎಲ್ಲ ಸೇರಿದರೂ ಒಂದು ಬಸ್ಸು ತುಂಬುವಷ್ಟು. ಪಾಠ ಹೇಳುವ ಟೀಚರೇ ಊಟಕ್ಕೆ ಬಡಿಸುತ್ತಾಳೆ. ಬಸ್ಸು ಓಡಿಸುವ ಅರ್ವೋ ತಾತನೇ ಬಾಯ್ಲರಿಗೆ ಬೆಂಕಿ ನೋಡುತ್ತಾನೆ, ಬಡಗಿ ಕೆಲಸ ಹೇಳಿಕೊಡುತ್ತಾನೆ, ಹಾಡಿನ ಕ್ಲಾಸಿಗೆ ಅಕಾರ್ಡಿಯನ್ನನ್ನೂ ನುಡಿಸುತ್ತಾನೆ.

ಸರಪಳಿಗಳು ಗಣಿಯವರು ಬಿಟ್ಟು ಹೋದವು. ಒಂದೊಂದಕ್ಕೂ ಸೂರಿನಲ್ಲಿ ರಾಟೆ, ತುದಿಯಲ್ಲಿ ಕೊಕ್ಕೆ, ಗೋಡೆಯ ಕಡೆ ಹಿತ್ತಾಳೆ ಬಿಲ್ಲೆಯ ಮೇಲೆ ನಂಬರು. ಬೆಳಿಗ್ಗೆ ಮಕ್ಕಳು ಹಿಮದಲ್ಲಿ ನೆನೆದ ಕೋಟು ಕೊಕ್ಕೆಗೆ ಹಾಕಿ ಸರಸರ ಮೇಲೇರಿಸುತ್ತಾರೆ. ಮಧ್ಯಾಹ್ನಕ್ಕೆ ಬೆಚ್ಚಗೆ ಒಣಗಿ ಇಳಿಯುತ್ತದೆ. ಗಣಿಯವರೂ ಹಾಗೇ ಮಾಡುತ್ತಿದ್ದರು. ಕೆಳಗಿಳಿಯುವ ಮುಂಚೆ ಮನೆಯ ಬಟ್ಟೆ ಮೇಲಕ್ಕೆ. ಹತ್ತಿ ಬಂದ ಮೇಲೆ ಬಟ್ಟೆ ಕೆಳಕ್ಕೆ. ಪಾಳಿ ಮುಗಿದ ಮೇಲೂ ಸೂರಿನಲ್ಲಿ ಒಂದು ಕೋಟು ತೂಗುತ್ತಿದ್ದರೆ ಅದರ ಒಡೆಯ ಇನ್ನೂ ನೆಲದೊಳಗಿದ್ದಾನೆ ಅಂತ ಲೆಕ್ಕ. ಅವನು ಬರುವ ತನಕ ಉಳಿದವರು ಯಾರೂ ಮನೆಯ ದಾರಿ ಹಿಡಿಯುವಂತಿಲ್ಲ. ಇದನ್ನು ಮಕ್ಕಳಿಗೆ ಟೀಚರುಗಳು ಹೇಳಿಕೊಟ್ಟದ್ದಲ್ಲ. ಕೋಟು ಹಾಕುವುದನ್ನು ಕಲಿತ ದಿನವೇ ದೊಡ್ಡ ಮಕ್ಕಳಿಂದ ಚಿಕ್ಕವರು ಕಲಿಯುತ್ತಾರೆ. ಒಂದು ಮಗು ಕಕ್ಕಸಿನಲ್ಲಿ ತಡ ಮಾಡಿದರೂ ಉಳಿದವು ಅದರ ನಂಬರು ಹಿಡಿದು ಕೂಗುತ್ತವೆ: “ಹದಿನಾಲ್ಕು! ಮನೆಗೆ ಹೊತ್ತಾಯ್ತು!”

ಕೊರಿನ್‌ಗೆ ಇದೆಲ್ಲ ಸೆಪ್ಟೆಂಬರಿನಿಂದ ನೋಡಿ ಗೊತ್ತು. ದಕ್ಷಿಣದ ಪಟ್ಟಣದ ಹುಡುಗಿ ಅವಳು. ಚೆಂದದ ಆಟ ಅಂದುಕೊಂಡಿದ್ದಳು.

“ನೋಡ್ರೋ, ಇಲ್ಲಿ ಕೇಳಿ,” ಅಂತ ಎದ್ದು ನಿಂತಳು. “ಸುರಂಗದ ಬಾಗಿಲ ಒಳಗೆ ಕುರ್ಚಿಗಳನ್ನ ಜೋಡಿಸ್ತಾ ಇದ್ದೆ. ಈ ಕೋಟು ಕುರ್ಚಿ ಮೇಲೆ ಬಿದ್ದಿತ್ತು. ಒದ್ದೆಯಾಗಿತ್ತು. ಎಲ್ಲೋ ಸೂರು ಸೋರಿದೆ ಅಂತ ತಂದು ಒಣಗೋಕೆ ಹಾಕಿದೆ. ನಾಟಕಕ್ಕೆ ಆಗುತ್ತೆ ಅಂತ. ಅಷ್ಟೇ ಕಥೆ.”

“ಯಾವ ಕೊಕ್ಕೆಗೆ ಹಾಕಿದ್ರಿ?” ಕೇಳಿದ ಡಾರಿಯೋ. ಒಂಬತ್ತು ವರ್ಷದ ಬಾಯಿಬಡುಕ.

“ಖಾಲಿ ಇದ್ದದ್ದಕ್ಕೆ. ಇಪ್ಪತ್ತೇಳು.”

ಮಕ್ಕಳೆಲ್ಲ ಒಟ್ಟಿಗೆ ಸೂರಿನ ಕಡೆ ನೋಡಿದರು. ಆಗ ಕೊರಿನ್‌ಗೂ ಒಂದು ವಿಷಯ ಹೊಳೆಯಿತು. ಕೊಳವೆಯ ಪಕ್ಕದ ಕೊಕ್ಕೆಗಾಗಿ ಮಕ್ಕಳು ದಿನಾ ಬೆಳಿಗ್ಗೆ ಕಿತ್ತಾಡುತ್ತಾರೆ, ಅಲ್ಲಿ ಬೇಗ ಒಣಗುತ್ತದೆ ಅಂತ. ಇಪ್ಪತ್ತೇಳು ಎಲ್ಲಕ್ಕಿಂತ ಹತ್ತಿರದ್ದು. ಆದರೂ ಅದನ್ನು ಯಾರೂ ಕೇಳಿದ್ದನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

“ಯಾರಿಗೋಸ್ಕರ ಏರಿಸಿದ್ರಿ ಮಿಸ್?” ಅಂದಳು ಲೆಂಪಿ.

“ಯಾರಿಗೂ ಅಲ್ಲ ಅಂದ್ನಲ್ಲ.”

“ಯಾರಿಗೂ ಅಲ್ದೆ ಕೋಟು ಹೇಗೆ ಏರುತ್ತೆ?”

ಅಷ್ಟರಲ್ಲಿ ಕಿಸೆಯಲ್ಲಿ ಫೋನು ಅದುರಿತು. ಬರ್ನಡೀನ್. ಶಾಲೆಯ ಮುಖ್ಯಸ್ಥೆ, ಆ ಹಟಮಾರಿ ತಾಯಂದಿರಲ್ಲಿ ಒಬ್ಬಳು. ಸನ್ನದಿನ ವಿಚಾರಣೆಗೆ ಅಂತ ನಿನ್ನೆಯೇ ರಾಜಧಾನಿಗೆ ಹೋಗಿದ್ದಳು. ಶಾಲೆಯನ್ನು ಮೊದಲ ಸಲ ಕೊರಿನ್ ಕೈಗೆ ಬಿಟ್ಟಿದ್ದಳು.

“ಹೊರಟ್ರಾ?”

“ಹೊರಡ್ತಾ ಇದೀವಿ.”

“ಬೇಗ. ಎರಡು ಗಂಟೆಗೆ ಗುಂಡಿ ರಸ್ತೆ ಮುಚ್ತಾರಂತೆ. ಇಲ್ಲಿ ಮೂರಕ್ಕೆ ನಮ್ಮ ಸರದಿ. ಆ ಕಟ್ಟಡ ಮಕ್ಕಳನ್ನ ಇಡೋ ಜಾಗ ಅಲ್ಲ ಅಂತ ಬಾಯಿಬಿಡೋಕೆ ಕಾದು ಕೂತಿದಾರೆ ಇವ್ರು. ಮಕ್ಕಳು ಹಿಮದಲ್ಲಿ ಶಾಲೇಲೇ ಸಿಕ್ಕಿಹಾಕ್ಕೊಂಡ್ರು ಅನ್ನೋ ಸುದ್ದಿ ಬಂದ್ರೆ ಮುಗೀತು, ನಮ್ಮ ಅಂಗಡಿ ಎತ್ತಿದ ಹಾಗೇ. ನಿನ್ನ ಕೈಲಿದೆ ಮಗಳೇ.”

“ಬರ್ನಡೀನ್, ಈ ಮಕ್ಕಳು ಬಸ್ ಹತ್ತುತಾ ಇಲ್ಲ. ಆ ಇಪ್ಪತ್ತೇಳನೇ ಕೊಕ್ಕೆ ಇದೆಯಲ್ಲ...”

“ಅದಕ್ಕೇನಾಯ್ತು?”

“ಅದ್ರಲ್ಲಿ ನಾನೊಂದು ಕೋಟು ಏರಿಸಿಬಿಟ್ಟೆ.”

ಆ ಕಡೆ ಯಾವುದೋ ಪಡಸಾಲೆಯಲ್ಲಿ ಜನ ಓಡಾಡುವ ಸದ್ದು, ಲಿಫ್ಟಿನ ಗಂಟೆ. ಬರ್ನಡೀನ್ ಯಾವ ಮಾತಿಗೂ ತಡವರಿಸುವ ಹೆಂಗಸಲ್ಲ.

“ಏರಿಸಿಬಿಟ್ಟೆಯಾ,” ಅಂದಳು ಕೊನೆಗೆ, ಕೇಳುವ ಧಾಟಿಯಲ್ಲಿ ಅಲ್ಲ. “ಹಾಗಾದ್ರೆ ಇಳಿಸ್ಕೊಂಡೇ ಹೊರಡಿ.” ಫೋನು ಕಟ್ಟಾಯಿತು.

ಇಳಿಸುವುದೇನು ಮಹಾ? ಕೊರಿನ್ ಗೋಡೆಯ ಹತ್ತಿರ ಹೋಗಿ ಇಪ್ಪತ್ತೇಳರ ಕೊಂಡಿ ಬಿಚ್ಚಿದಳು. ಸರಪಳಿ ಇಳಿಯಲಿಲ್ಲ. ಎಳೆದಳು. ಎರಡೂ ಕೈ ಹಾಕಿ, ಒಂದು ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದಳು. ಬೆಳಿಗ್ಗೆ ಬೆಣ್ಣೆಯ ಹಾಗೆ ಏರಿದ್ದು ಈಗ ಒಂದು ಬೆರಳಷ್ಟೂ ಜರುಗಲೊಲ್ಲದು. ಜಗ್ಗಿದ ರಭಸಕ್ಕೆ ಮೇಲೆ ಕೋಟು ಸ್ವಲ್ಪ ತಿರುಗಿತು, ಇಷ್ಟು ಹೊತ್ತು ಗೋಡೆ ನೋಡುತ್ತಿದ್ದವರು ಈಚೆ ತಿರುಗಿದ ಹಾಗೆ.

ಅರ್ವೋ ತಾತ ಬಾಗಿಲಲ್ಲಿ ಬಂದು ನಿಂತಿದ್ದ. ಹುಬ್ಬಿನ ತುಂಬ ಹಿಮ.

“ಏನವ್ವ ಟೀಚರಮ್ಮ, ರಸ್ತೆ ಮುಚ್ಚೋಕೆ ಮುಂಚೆ ಹೊರಡೋದಾ, ಇಲ್ಲ ಎಲ್ರೂ ಇಲ್ಲೇ ಗಂಜಿ ಕಾಯಿಸ್ಕೊಂಡು ಕುಡಿಯೋದಾ?”

“ಈ ರಾಟೆಗೆ ತುಕ್ಕು ಹಿಡಿದಿದೆ. ನೀವು ಸ್ವಲ್ಪ ಎಳೀರಿ.”

ಅರ್ವೋ ತಾತ ತಲೆಯೆತ್ತಿ ನೋಡಿದ. ಆಮೇಲೆ ತಲೆ ತಗ್ಗಿಸಿ, ತನ್ನ ಟೋಪಿ ತೆಗೆದು, ಅದರ ಒಳಗೆ ಏನೋ ಕಳೆದುಹೋದ ಹಾಗೆ ಹುಡುಕತೊಡಗಿದ.

“ಅದನ್ನ ನಾನು ಮುಟ್ಟೋ ಹಂಗಿಲ್ಲ.”

“ತಾತಾ, ನೀವೂನಾ? ನೀವು ಇದನ್ನೆಲ್ಲ ನಂಬ್ತೀರಾ?”

“ಎಲ್ಲಾದ್ರೂ ಉಂಟಾ! ನಾನ್ಯಾಕೆ ನಂಬ್ಲಿ? ನಾನು ಸಂಡೆ ಚರ್ಚಿಗೂ ಹೋಗಲ್ಲ.” ಅವನು ಟೋಪಿ ಮತ್ತೆ ಹಾಕಿಕೊಂಡ. “ಆದ್ರೆ ಬಸ್ಸು ಮಾತ್ರ ಬಿಡಲ್ಲ ಕಣವ್ವ. ನಮ್ಮಪ್ಪ ಇದೇ ಒಣಮನೇಲಿ ಬಟ್ಟೆ ಬಿಚ್ಚಿದ ಮನುಷ್ಯ. ಕೋಟು ಮೇಲಿರೋವಾಗ ಅವನ ಮಗ ಗಾಡಿ ಹೊಡ್ಕೊಂಡು ಹೋದ ಅಂದ್ರೆ, ನಾಳೆ ನಾನು ಸತ್ತಾಗ ಅವನ ಪಕ್ಕದಲ್ಲೇ ತಾನೇ ಹೂಳೋದು? ಆಮೇಲೆ ಅಷ್ಟೂ ಕಾಲ ಬೈಗಳ ಕೇಳೋನು ಯಾರು?”

“ಇಪ್ಪತ್ತೇಳು ಯಾರದು?”

“ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರ್ಲಿಲ್ಲ. ಅವನು ಕೆಲಸಕ್ಕೆ ಸೇರೋಕೆ ಮುಂಚೆನೇ ಆ ಕೊಕ್ಕೆ ಬಿಟ್ಟಿದ್ರಂತೆ. ಉತ್ತರದ ಬಿಡಾರದಲ್ಲಿ ಮನೆ ಇದ್ದೋನು ಯಾರೋ, ಅಷ್ಟೇ.”

ಗಂಟೆ ಒಂದೂವರೆ ದಾಟಿತ್ತು. ಕಿಟಕಿಯಾಚೆ ಬಸ್ಸಿನ ಹಳದಿ ಬಣ್ಣವೇ ಕಾಣದಷ್ಟು ಬೆಳ್ಳಗಾಗುತ್ತಿತ್ತು. ಈ ಗಾಳಿಗೆ ಸಂಜೆಯೊಳಗೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಬಾಯ್ಲರಿನ ಪಂಪೂ ನಿಲ್ಲುತ್ತದೆ. ಕೊರಿನ್ ತನ್ನ ಧ್ವನಿ ಗಟ್ಟಿ ಮಾಡಿಕೊಂಡಳು. ಹೇಳಿದ್ದನ್ನು ಕೇಳದಿದ್ದರೆ ಸೋಮವಾರ ಯಾರಿಗೂ ಹೊರಗಿನ ಆಟ ಇಲ್ಲ ಅಂದಳು. ಮಕ್ಕಳು ಅಳಲಿಲ್ಲ, ವಾದಿಸಲಿಲ್ಲ. ಹಾಕಿಕೊಂಡಿದ್ದ ಟೋಪಿ ಕೈಗವಸುಗಳನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಸಾಲಾಗಿ ಒರಗಿ ಕೂತರು. ಕಾಯುವುದಕ್ಕೆ ಕೂತವರ ಹಾಗೆ. ಇಷ್ಟು ಮಕ್ಕಳು ಇಷ್ಟು ಸುಮ್ಮನಿದ್ದದ್ದನ್ನು ಅವಳು ನೋಡೇ ಇರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ತರಿಸಿತು.

ಪುಟ್ಟ ನೀಬಿನ್ ಎದ್ದು ಬಂದು ಅವಳ ಕೋಟಿನ ಅಂಚು ಹಿಡಿದಳು.

“ಮಿಸ್, ಕರೀರಿ.”

“ಯಾರನ್ನ?”

“ಏರಿಸಿದವರೇ ಕರೀಬೇಕು,” ಅಂದ ಡಾರಿಯೋ, ಎಲ್ಲರಿಗೂ ಗೊತ್ತಿರುವುದನ್ನು ಹೇಳಿಸುತ್ತಾಳಲ್ಲ ಎಂಬಂತೆ. “ನಾವು ಕರೆದ್ರೆ ಬರಲ್ಲ. ನಮಗೆ ಗುರ್ತಿಲ್ಲ.”

“ನನಗೆ ಮಾತ್ರ ಗುರ್ತಾ?”

“ನೀವು ಅವರ ಕೋಟು ಒಣಗೋಕೆ ಹಾಕಿದ್ರಲ್ಲ.”

ಸುರಂಗದ ಬಾಗಿಲು ಸರಪಳಿಗಳಿದ್ದ ಹಾಲ್‌ನ ಹಿಂದಿನ ತುದಿಯಲ್ಲಿ. ಗಣಿಯವರು ಬೆವೆತ ಮೈಯಲ್ಲಿ ಚಳಿಗೆ ಬೀಳದಿರಲಿ ಅಂತ ಗಣಿಬಾಯಿಯಿಂದ ಒಣಮನೆಗೆ ನೇರ ಕಟ್ಟಿದ್ದ ಮುಚ್ಚಿದ ಓಣಿ ಅದು. ಗಣಿಬಾಯಿಗೆ ಕಾಂಕ್ರೀಟಿನ ಮುಚ್ಚಳ ಬಿದ್ದು ಎಷ್ಟೋ ಕಾಲವಾಯಿತು. ಈಗ ಅಲ್ಲಿರುವುದು ಮುರಿದ ಕುರ್ಚಿ, ನಾಟಕದ ಕಿರೀಟ, ಕ್ರಿಸ್‌ಮಸ್ಸಿನ ಪ್ಲಾಸ್ಟಿಕ್ ಮರ. ಕೊರಿನ್ ಬಾಗಿಲು ತೆರೆದು ದೀಪದ ಗುಂಡಿ ಒತ್ತಿದಳು. ಮಕ್ಕಳು ಅವಳ ಹಿಂದೆ ಬಂದು ನಿಂತರು. ಬೆಳಿಗ್ಗೆ ಕೋಟು ಸಿಕ್ಕಿದ ಕುರ್ಚಿ ಅಲ್ಲೇ ಇತ್ತು. ಕೊರಿನ್ ಅದರ ಮೇಲಿನ ಸೂರನ್ನು ನೋಡಿದಳು. ಸುಣ್ಣ ಒಣಗಿ ಬಿಳಿಚಿಕೊಂಡಿತ್ತು. ಒಂದು ಹನಿಯ ಕಲೆಯೂ ಇರಲಿಲ್ಲ.

“ಇಪ್ಪತ್ತೇಳು,” ಅಂದಳು. ತನ್ನ ಧ್ವನಿ ತನಗೇ ಕೇಳಲಿಲ್ಲ. “ಮನೆಗೆ ಹೊತ್ತಾಯ್ತು.”

“ಹಾಗಲ್ಲ ಮಿಸ್,” ಅಂದಳು ಲೆಂಪಿ ಹಿಂದಿನಿಂದ. “ನಮ್ಮನ್ನ ಕರೀತೀರಲ್ಲ, ಹಾಗೆ.”

ಕೊರಿನ್ ಒಂದು ಸಲ ಉಸಿರೆಳೆದುಕೊಂಡಳು. ದಿನಾ ಅಂಗಳದ ಆ ತುದಿಯಲ್ಲಿ ಹಿಮದ ಗುಡ್ಡೆ ಹತ್ತಿ ಆಡುತ್ತಿರುವವರನ್ನು ಕರೆಯುವ ಧ್ವನಿಯಲ್ಲಿ, ಸ್ವಲ್ಪ ಗದರಿಕೆ, ಸ್ವಲ್ಪ ಅಕ್ಕರೆ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು.

“ಇಪ್ಪತ್ತೇಳೂ! ಮನೆಗೆ ಹೊತ್ತಾಯ್ತೂ!”

ಓಣಿಯಲ್ಲಿ ಮಾರ್ದನಿ ಬರಲಿಲ್ಲ. ಕೂಗು ಆ ಕತ್ತಲೆಯ ಕಡೆ ಹೋಗಿ, ಗೋಡೆ ಸಿಕ್ಕಬೇಕಾದ ಕಡೆ ಗೋಡೆ ಸಿಗದೆ ಇನ್ನೂ ಹೋಗುತ್ತಲೇ ಇದ್ದಂತೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಕಲ್ಲಿನ ವಾಸನೆ ಬಂತು, ಬಾವಿಯ ಮುಚ್ಚಳ ತೆಗೆದಾಗ ಬರುವಂಥದ್ದು. ಅಷ್ಟೇ. ಕಾಲಬಳಿ ನೀಬಿನ್ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಉಳಿದ ಮಕ್ಕಳೂ ಗೋಡೆಯ ಕಡೆಗೆ ಸರಿದುಕೊಂಡರು, ದೊಡ್ಡವರು ಹಾಯುವಾಗ ದಾರಿ ಬಿಡುವ ಹಾಗೆ.

ಕೊರಿನ್ ಬಾಗಿಲು ಹಾಕಿದಳು. ಬೇಗ ಹಾಕಬೇಕು ಅನ್ನಿಸಿದರೂ, ಯಾಕೋ ನಿಧಾನವಾಗಿಯೇ ಹಾಕಿದಳು.

ಹಾಲ್‌ಗೆ ಬಂದು ಸರಪಳಿ ಮುಟ್ಟಿದಳು. ಎಳೆಯಬೇಕಾಗಲಿಲ್ಲ. ರಾಟೆ ಸದ್ದಿಲ್ಲದೆ ತಿರುಗಿತು, ಕೋಟು ಇಳಿದು ಅವಳ ಎದೆಯ ಎದುರು ಬಂದು ನಿಂತಿತು. ಬೆಳಗಿನಿಂದ ಕೊಳವೆಯ ಪಕ್ಕ ಇದ್ದದ್ದಕ್ಕೆ ಒಳ್ಳೆಯ ಬಿಸಿ ಇತ್ತು.

“ನಡೀರಿ,” ಅಂದಳು ಲೆಂಪಿ. ಮಕ್ಕಳು ಟೋಪಿ ಎಳೆದುಕೊಂಡು ಎಂದಿನಂತೆ ಸಾಲು ಕಟ್ಟಿದರು, ಗಲಾಟೆ ಶುರುವಾಯಿತು, ಯಾರದೋ ಕೈಗವಸು ಕಾಣೆಯಾಯಿತು, ಡಾರಿಯೋ ಯಾರಿಗೋ ಅಡ್ಡಗಾಲು ಹಾಕಿದ. ಕೊರಿನ್‌ಗೆ ಜೀವ ಬಂದಂತಾಯಿತು. ಆದರೆ ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು.

“ಜಾಗ ಬಿಡಬೇಡಿ, ಸೇರ್ಕೊಳ್ಳಿ,” ಅಂದಳು ಅಭ್ಯಾಸಬಲದಿಂದ. ಯಾರೂ ಸೇರಿಕೊಳ್ಳಲಿಲ್ಲ. ಅವಳೂ ಮತ್ತೆ ಹೇಳಲಿಲ್ಲ.

ಬಸ್ಸಿನಲ್ಲಿ ಮಕ್ಕಳು ಒಂದೊಂದು ಸೀಟಿಗೆ ಮೂವರಂತೆ ಒತ್ತಿಕೊಂಡು ಹಿಂದೆಯೇ ತುಂಬಿಕೊಂಡರು. ಬಾಗಿಲ ಪಕ್ಕದ ಮುಂದಿನ ಸೀಟು ಖಾಲಿ. ಅದು ದಿನಾ ಟೀಚರು ಕೂರುವ ಜಾಗ. ಕೊರಿನ್ ಕೂರಲು ಬಾಗಿದಳು.

“ಅಲ್ಲಲ್ಲ ಮಿಸ್, ಇಲ್ಲಿ ಬನ್ನಿ,” ಲೆಂಪಿ ಪಕ್ಕದಲ್ಲಿದ್ದವರನ್ನು ಕಿಟಕಿಗೆ ಒತ್ತಿ ಜಾಗ ಮಾಡಿದಳು. ಕೊರಿನ್ ಕೋಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.

“ತಾತಾ, ಚಳೀ! ಹೀಟರು ಹಾಕಿ!” ಡಾರಿಯೋ ಕೂಗಿದ.

“ಹಾಕಿದೀನೋ! ಅದು ನನ್ನ ಕಾಲಿಗೆ ಮಾತ್ರ ಬರೋದು. ನಿಮಗೆ ಬೇಕಿದ್ರೆ ಒಬ್ಬರ ಮೂತಿ ಒಬ್ಬರು ಉಜ್ಜಿಕೊಳ್ಳಿ!”

ಎಲ್ಲರೂ ನಕ್ಕರು. ಅರ್ವೋ ತಾತ ಕನ್ನಡಿಯಲ್ಲಿ ಮುಂದಿನ ಸೀಟಿನ ಕಡೆ ಒಂದು ಸಲ ನೋಡಿ, ಬಾಗಿಲು ಹಾಕಿ, ಗಾಡಿ ಬಿಟ್ಟ.

ಗುಂಡಿ ರಸ್ತೆ ಹಳೆಯ ಗಣಿಯ ಗುಂಡಿಯನ್ನೇ ಸುತ್ತಿಕೊಂಡು ಹೋಗುತ್ತದೆ. ಅರ್ವೋ ತಾತ ಬೇಲಿಯ ಕಂಬ ನೋಡಿಕೊಂಡು ಆಮೆಯ ಹಾಗೆ ಓಡಿಸುತ್ತಿದ್ದ. ಕೊರಿನ್ ಗಡಿಯಾರ ನೋಡುವುದನ್ನು ಬಿಟ್ಟಳು. ಮಡಿಲಲ್ಲಿದ್ದ ಕೋಟಿನ ಬಿಸಿ ಬೇಗ ಆರಿತು. ಆರಿದ್ದಷ್ಟೇ ಅಲ್ಲ, ಅದರಿಂದ ತೊಡೆಗೆ ಚಳಿ ಹತ್ತತೊಡಗಿತು.

ಅರ್ಧ ದಾರಿಯಲ್ಲಿ ಬಸ್ಸು ನಿಧಾನವಾಗಿ ನಿಂತಿತು. ಎದುರಿಗೆ ರಸ್ತೆ ಮುಚ್ಚಿಹೋಗಿದೆಯೇನೋ ಅಂತ ಕೊರಿನ್ ಎದ್ದು ನೋಡಿದಳು. ರಸ್ತೆ ತೆರೆದೇ ಇತ್ತು. ಎಡಗಡೆ ಹಿಮದಲ್ಲಿ ಕಾಂಕ್ರೀಟಿನ ನಾಲ್ಕು ಮೆಟ್ಟಿಲು, ಅದಕ್ಕೊಂದು ಕಬ್ಬಿಣದ ಕಂಬಿ. ಮೆಟ್ಟಿಲು ಹತ್ತಿದರೆ ಮನೆ ಇರಲಿಲ್ಲ. ಉತ್ತರದ ಬಿಡಾರದ ಮನೆಗಳನ್ನೆಲ್ಲ ಗುಂಡಿ ದೊಡ್ಡದಾಗುವಾಗಲೇ ಎತ್ತಿ ಸಾಗಿಸಿದ್ದರು.

“ತಾತಾ, ಇಲ್ಲಿ ಯಾರೂ...” ಅಂದವಳು ಮಾತು ನುಂಗಿಕೊಂಡಳು.

“ಕೋಟು ಕೊಡಿ ಮಿಸ್,” ಅಂದಳು ಲೆಂಪಿ.

ಕೋಟು ಕೈಯಿಂದ ಕೈಗೆ ಮಕ್ಕಳ ತಲೆಗಳ ಮೇಲೆ ಮುಂದಕ್ಕೆ ಹೋಯಿತು. ಅರ್ವೋ ತಾತ ಅದನ್ನು ತೆಗೆದುಕೊಂಡು ಬಾಗಿಲು ತೆರೆದ. ಗಾಳಿ ನುಗ್ಗಿತು. ಅವನು ತಕ್ಷಣ ಇಳಿಯಲಿಲ್ಲ. ಯಾರನ್ನೋ ಮೊದಲು ಇಳಿಯಗೊಟ್ಟವನ ಹಾಗೆ ಒಂದು ಗಳಿಗೆ ಪಕ್ಕಕ್ಕೆ ನಿಂತು, ಆಮೇಲೆ ಇಳಿದ. ವಾಪಸು ಬಂದಾಗ ಕೈ ಬರಿದಾಗಿತ್ತು.

“ನಂಬಲ್ಲ ಅಂದ್ರಿ,” ಅಂದಳು ಕೊರಿನ್ ಮೆಲ್ಲಗೆ.

“ಈಗಲೂ ನಂಬಲ್ಲ.” ಅವನು ಗೇರು ಹಾಕಿದ. “ಹಂಗಂತ ಈ ಚಳೀಲಿ ಕೋಟಿಲ್ದೆ ಕಳ್ಸೋಕಾಗುತ್ತಾ?”

ರಸ್ತೆಯ ತುದಿಯಲ್ಲಿ ಹಿಮ ಗುಡಿಸುವ ಲಾರಿ ಅಡ್ಡಗಂಬದ ಪಕ್ಕ ನಿಂತಿತ್ತು. ಕಿತ್ತಳೆ ಜಾಕೆಟ್ಟಿನವನು ಕಂಬ ಹಿಡಿದುಕೊಂಡು ಕಾಯುತ್ತಿದ್ದ. ಅರ್ವೋ ತಾತ ಕಿಟಕಿ ಇಳಿಸಿದ.

“ನಿಮಗೋಸ್ಕರಾನೇ ನಿಂತಿದ್ದೆ ಮಾರಾಯಾ! ಇಷ್ಟೊತ್ತಾ? ಎಲ್ಲ ಬಂದ್ರಾ, ಇನ್ನೂ ಯಾರಾದ್ರೂ ಇದಾರಾ?”

“ಎಲ್ಲ ಬಂದ್ರು. ಹಾಕ್ಕೋ.”

ಹಿಂದೆ ಅಡ್ಡಗಂಬ ಬಿತ್ತು. ಊರಿನ ಮೊದಲ ದೀಪಗಳು ಕಾಣಿಸಿದವು. ಕೊರಿನ್ ಬರ್ನಡೀನ್‌ಗೆ ದಾಟಿದೆವು ಅಂತ ಒಂದು ಸಾಲು ಕಳಿಸಿದಳು. ಮರುಗಳಿಗೆಯೇ ಉತ್ತರ ಬಂತು: “ಇಳಿಸಿದಿರಾ?” ಅವಳು ಹೌದು ಅಂತ ಬರೆದಳು.

ಮೂವರಂತೆ ಒತ್ತಿ ಕೂತಿದ್ದ ಮಕ್ಕಳು, ಯಾರೂ ಹೇಳದೆಯೇ, ಈಗ ಕಾಲು ಚಾಚಿ ಇಬ್ಬಿಬ್ಬರಾಗಿ ಹರಡಿಕೊಳ್ಳತೊಡಗಿದ್ದರು.

“ಈಗ ನೀವು ಮುಂದೆ ಕೂರಬಹುದು ಮಿಸ್,” ಅಂದಳು ಲೆಂಪಿ.

ಕೊರಿನ್ ಸೀಟುಗಳನ್ನು ಹಿಡಿದುಕೊಂಡು ಮುಂದೆ ನಡೆದಳು. ಬಾಗಿಲು ತೆರೆದಾಗ ನುಗ್ಗಿದ ಹಿಮ ಮೆಟ್ಟಿಲ ಮೇಲೆ, ಬಾಗಿಲ ಅಂಚಿನಲ್ಲಿ ಹಾಗೇ ಕರಗದೆ ಕೂತಿತ್ತು. ಮುಂದಿನ ಸೀಟಿನ ಹಸಿರು ರೆಕ್ಸಿನ್ನಿನ ಮೇಲೆ ಮಾತ್ರ ಒಂದು ಕಣವೂ ಇರಲಿಲ್ಲ. ಅವಳು ಕೈಗವಸು ತೆಗೆದು, ಅಂಗೈಯನ್ನು ಸೀಟಿನ ಮೇಲಿಟ್ಟಳು. ಬೆಚ್ಚಗಿತ್ತು.

ಅವಳು ಕೂರಲಿಲ್ಲ. ಕಂಬಿ ಹಿಡಿದುಕೊಂಡು ಊರು ಬರುವ ತನಕ ನಿಂತೇ ಇದ್ದಳು.